ಕ್ಲಾಸಿನ ವಿಡಿಯೊವನ್ನು ಮಕ್ಕಳ ಜೊತೆ ಕೂತು ನೋಡಿದವರು ಇದ್ದೀರಾ?

ನಾನು ಮಂಗಳೂರಿನ ಒಂದು ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಕಲಿಸುತ್ತೇನೆ. ನನ್ನ ಪಾಠವನ್ನು ಮೊಬೈಲಿನಲ್ಲಿ ರೆಕಾರ್ಡ್ ಮಾಡಿ, ಎಲ್ಲಿ ಸರಿ ಹೋಗಲಿಲ್ಲ ಅಂತ ಮಕ್ಕಳ ಜೊತೆಗೇ ಕೂತು ನೋಡುವ ಆಸೆ. ಶಿಸ್ತು ಹೋಗುತ್ತದೆ ಅಂತ ಜೊತೆಯ ಟೀಚರ್‌ಗಳು ಹೆದರಿಸುತ್ತಿದ್ದಾರೆ. ಮಕ್ಕಳು ನಿಜ ಹೇಳುತ್ತಾರಾ? ಮಾಡಿ ನೋಡಿದವರು ದಯವಿಟ್ಟು ಅನುಭವ ಹೇಳಿ.

ಉಡುಪಿಯ ವಿಜ್ಞಾನ ಟೀಚರ್

ಮಾಡಿ ಮೇಡಂ. ನಾನು ಎರಡು ವರ್ಷದಿಂದ ಒಂಬತ್ತನೇ ಕ್ಲಾಸಿನಲ್ಲಿ ಮಾಡುತ್ತಿದ್ದೇನೆ. ಆದರೆ ಮೊದಲ ಸಲ ನಾನು ಮಾಡಿದ ಹಾಗೆ ಬೇಡ. ಇಡೀ ಪೀರಿಯಡ್ಡಿನ ವಿಡಿಯೊ ಹಾಕಿ "ನನ್ನ ಪಾಠ ಹೇಗಿತ್ತು?" ಅಂತ ಕೇಳಿದೆ. "ಚೆನ್ನಾಗಿತ್ತು ಸರ್" ಅಂದರು, ಎಲ್ಲರೂ. ಮಾರ್ಕ್ಸ್ ಕೊಡುವವರಿಗೆ ಮಕ್ಕಳು ಬೇರೆ ಎಂತ ಹೇಳುತ್ತಾರೆ?

ಎರಡನೇ ಸಲ ಐದು ನಿಮಿಷದ ತುಂಡು ಮಾತ್ರ ತೋರಿಸಿದೆ. ತೇಲುವುದು, ಮುಳುಗುವುದರ ಪಾಠ. ಮಕ್ಕಳಿಗೆ ಕೊಟ್ಟ ಕೆಲಸವೂ ಒಂದೇ. ಪ್ರಶ್ನೆ ಕೇಳಿದ ಮೇಲೆ ನಾನು ಎಷ್ಟು ಸೆಕೆಂಡ್ ಕಾಯುತ್ತೇನೆ, ಎಣಿಸಿ. ನಾಲ್ಕು ಮಕ್ಕಳ ಗುಂಪಿಗೆ ಒಂದು ವಾಚು.

ವಿಡಿಯೊದಲ್ಲಿ ನಾನು ಕೇಳುತ್ತೇನೆ, "ಕಬ್ಬಿಣದ ಮೊಳೆ ಮುಳುಗುತ್ತದೆ. ಮಲ್ಪೆಯ ಸ್ಟೀಲ್ ಬೋಟ್ ಯಾಕೆ ತೇಲುತ್ತದೆ?" ಒಂದು ಸೆಕೆಂಡ್ ಕೂಡ ಕಳೆದಿಲ್ಲ, ಉತ್ತರ ನಾನೇ ಶುರು ಮಾಡಿದ್ದೇನೆ. ಆಗ ಒಬ್ಬಳು ಹುಡುಗಿ "ಸರ್, ನಿಲ್ಲಿಸಿ, ಸ್ವಲ್ಪ ಹಿಂದೆ ಹಾಕಿ" ಅಂದಳು. ಹಾಕಿದೆ. ಹಿಂದಿನ ಬೆಂಚಿನ ಹುಡುಗನೊಬ್ಬ, ಅವನ ಅಪ್ಪ ಬೋಟಿಗೆ ಹೋಗುವವರು, ಪಕ್ಕದವನಿಗೆ ತುಳುವಿನಲ್ಲಿ ಮೆಲ್ಲ ಹೇಳುತ್ತಿದ್ದಾನೆ: "ಉಲಾಯಿ ಖಾಲಿ ಅತ್ತಾ?" ಒಳಗೆ ಖಾಲಿ ಅಲ್ವಾ, ಅಂತ.

ಪಾಠದ ತಿರುಳೇ ಅದು! ಒಳಗಿನ ಗಾಳಿಯ ಜಾಗವನ್ನೂ ಸೇರಿಸಿ ಲೆಕ್ಕ ಹಾಕಿದರೆ ಬೋಟಿನ ಸಾಂದ್ರತೆ ನೀರಿಗಿಂತ ಕಡಿಮೆ. ನಾನು ಹತ್ತು ನಿಮಿಷ ಬೋರ್ಡಿನಲ್ಲಿ ಬರೆದದ್ದನ್ನು ಅವನು ಮೂರು ಪದದಲ್ಲಿ ಹೇಳಿ ಮುಗಿಸಿದ್ದ. ಅದು ನನ್ನ ಕಿವಿಗೆ ಬಿದ್ದಿರಲಿಲ್ಲ. ಆ ದಿನ ನಿಜವಾಗಿ ಸಂಕಟವಾಯಿತು. ಇಷ್ಟು ವರ್ಷದಲ್ಲಿ ಇಂಥ ಎಷ್ಟು ಮಾತು ಹಿಂದಿನ ಬೆಂಚಿನಲ್ಲೇ ಉಳಿದಿವೆಯೋ.

ಅಮೆರಿಕದ ಶಿಕ್ಷಣ ಸಂಶೋಧಕಿ ಮೇರಿ ಬಡ್ ರೋ 1970ರ ದಶಕದಲ್ಲೇ ಇದನ್ನು ಅಳೆದು ತೋರಿಸಿದ್ದರು. ಟೀಚರ್‌ಗಳು ಸಾಮಾನ್ಯವಾಗಿ ಕಾಯುವುದು 1 ಸೆಕೆಂಡಿನಷ್ಟು. ಅದನ್ನು 3 ಸೆಕೆಂಡ್ ಮಾಡಿದರೆ ಉತ್ತರಗಳು ಉದ್ದವಾಗುತ್ತವೆ, ಸುಮ್ಮನಿರುವ ಮಕ್ಕಳೂ ಬಾಯಿ ಬಿಡುತ್ತಾರೆ. ನಾನು ಇದನ್ನು ಓದಿದ್ದೆ. ಮಕ್ಕಳು ಎಣಿಸಿ ತೋರಿಸಿದ ಮೇಲೆಯೇ ಮನಸ್ಸಿಗೆ ತಟ್ಟಿದ್ದು.

ಎಂತ ಮಾಡುವ ಅಂತ ಅವರನ್ನೇ ಕೇಳಿದೆ. ಅಜ್ಜನ ಜೊತೆ ತಾಳಮದ್ದಳೆಗೆ (ವೇಷವಿಲ್ಲದೆ ಕೂತು ಮಾತಿನಲ್ಲೇ ನಡೆಸುವ ಯಕ್ಷಗಾನ, ಪಾತ್ರದ ಮಾತಾಡುವವರು ಅರ್ಥಧಾರಿಗಳು) ಹೋಗುವ ಒಬ್ಬ, "ಎದುರಿನ ಅರ್ಥಧಾರಿ ಮಾತು ಮುಗಿಸುವ ತನಕ ಅಲ್ಲಿ ಕಾಯ್ತಾರೆ ಸರ್" ಅಂದ. ಇನ್ನೊಬ್ಬಳು, ಮೊದಲು ಪಕ್ಕದವರಿಗೆ ತುಳುವಿನಲ್ಲಿ ಹೇಳಲು ಬಿಡಿ, ಆಮೇಲೆ ಕನ್ನಡದಲ್ಲಿ ಹೇಳುತ್ತೇವೆ ಅಂದಳು. ಎರಡನ್ನೂ ಮಾರನೇ ದಿನವೇ ಶುರು ಮಾಡಿದೆ. ಇದನ್ನು ಮಾತ್ರ ತಪ್ಪಿಸಬೇಡಿ. ಮಕ್ಕಳು ಹೇಳಿದ್ದರಲ್ಲಿ ಒಂದನ್ನಾದರೂ ಕೂಡಲೇ ಮಾಡಿ ತೋರಿಸಬೇಕು. ಇಲ್ಲದಿದ್ದರೆ ಮತ್ತೆ "ಚೆನ್ನಾಗಿತ್ತು ಸರ್" ಬರುತ್ತದೆ.

ಶಿಸ್ತು ಎಲ್ಲಿಗೂ ಹೋಗಲಿಲ್ಲ. ಈಗ ನಾನು ಆತುರಪಟ್ಟರೆ ಮುಂದಿನ ಬೆಂಚಿನವರು ಮೂರು ಬೆರಳು ತೋರಿಸುತ್ತಾರೆ. ನಾನು ನಿಲ್ಲುತ್ತೇನೆ.

ಮಂಗಳೂರಿನ ಬಿ.ಎಡ್. ಉಪನ್ಯಾಸಕಿ

ಸರ್ ಹೇಳಿದ್ದಕ್ಕೆ ಒಂದು ಸೇರಿಸುತ್ತೇನೆ. ಬಿ.ಎಡ್.ನಲ್ಲಿ ಓದಿದ ಫ್ಲಾಂಡರ್ಸ್ ಪದ್ಧತಿ ನೆನಪುಂಟಾ? ಕ್ಲಾಸಿನಲ್ಲಿ ಯಾರ ಮಾತು, ಎಂಥ ಮಾತು ನಡೆಯುತ್ತಿದೆ ಅಂತ 3 ಸೆಕೆಂಡಿಗೊಮ್ಮೆ ಗುರುತು ಹಾಕುವುದು. ಒಟ್ಟು 10 ವಿಧ. ಟೀಚರ್ ಮಾತಿಗೆ 7, ಮಕ್ಕಳ ಮಾತಿಗೆ 2, ಮೌನ ಅಥವಾ ಗದ್ದಲಕ್ಕೆ 1. ಮಕ್ಕಳಿಗೆ ಹತ್ತು ಬೇಡ. ಟೀಚರ್, ಮಕ್ಕಳು, ಮೌನ, ಮೂರು ಸಾಲು ಸಾಕು. ಐದು ನಿಮಿಷಕ್ಕೆ ಸರಿಯಾಗಿ 100 ಗುರುತು ಆಗುತ್ತದೆ, ಶೇಕಡಾ ಲೆಕ್ಕ ತಾನಾಗಿಯೇ ಬರುತ್ತದೆ. ಅಂಕಿ ಮುಂದಿದ್ದರೆ ಮಕ್ಕಳಿಗೂ ಹೇಳಲು ಧೈರ್ಯ. ಅವರು ಟೀಚರನ್ನು ದೂರಿದ ಹಾಗೆ ಆಗುವುದಿಲ್ಲ, ಎಣಿಸಿದ್ದನ್ನು ಓದಿದ ಹಾಗೆ ಆಗುತ್ತದೆ.

ಇನ್ನೊಂದು, ಮೊದಲು ಒಬ್ಬರೇ ಒಂದು ಸಲ ನೋಡಿಕೊಳ್ಳಿ. ಮೊದಲ ಸಲ ಎಲ್ಲರ ಕಣ್ಣು ತಮ್ಮ ಸೀರೆ, ಧ್ವನಿ, ಕೈ ಆಡಿಸುವ ರೀತಿಯ ಮೇಲೆಯೇ ಇರುತ್ತದೆ. ಅದು ಕಳೆದ ಮೇಲೆ ಪಾಠ ಕಾಣುತ್ತದೆ.

ಸುರತ್ಕಲ್ ಕಡೆಯ ಪ್ರೈಮರಿ ಟೀಚರ್

ದಯವಿಟ್ಟು ಒಪ್ಪಿಗೆಯ ವಿಷಯ ಹಗುರ ಮಾಡಬೇಡಿ. ನಮ್ಮಲ್ಲಿ ಒಂದು ಕ್ಲಿಪ್ ಹೇಗೋ ಪೋಷಕರ ವಾಟ್ಸಾಪ್ ಗುಂಪಿಗೆ ಹೋಯಿತು. ಅದರಲ್ಲಿ ಒಬ್ಬ ಹುಡುಗ ತೊದಲುತ್ತಾ ಓದುತ್ತಿದ್ದ. ಆಮೇಲೆ ಎಷ್ಟೋ ದಿನ ಅವನು ಕ್ಲಾಸಿನಲ್ಲಿ ಬಾಯಿಯೇ ತೆರೆಯಲಿಲ್ಲ. ಅದನ್ನು ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ. 18 ವರ್ಷದೊಳಗಿನವರ ಡಿಜಿಟಲ್ ಮಾಹಿತಿ ಬಳಸಲು ಹೆತ್ತವರ ಒಪ್ಪಿಗೆ ಬೇಕು ಅಂತ 2023ರ ದತ್ತಾಂಶ ಸಂರಕ್ಷಣಾ ಕಾಯ್ದೆಯೂ ಹೇಳುತ್ತದೆ. ನಾನು ಈಗ ಹೆಡ್‌ಮಾಸ್ಟರ ಅನುಮತಿ, ಮನೆಯವರ ಸಹಿ ಎರಡೂ ತೆಗೆದುಕೊಳ್ಳುತ್ತೇನೆ. ಬೇಡ ಅಂದ ಮಗುವನ್ನು ಕ್ಯಾಮೆರಾದ ಹಿಂದೆ ಕೂರಿಸುತ್ತೇನೆ. ಫೋನಿನಲ್ಲಿ ಇಂಟರ್ನೆಟ್ ಬಂದ್. ನೋಡಿ ಆದ ಮೇಲೆ ಮಕ್ಕಳ ಎದುರೇ ಅಳಿಸುತ್ತೇನೆ.

ಮಳೆಗಾಲದಲ್ಲಿ ಸ್ವಲ್ಪ ಕಷ್ಟ. ಶೀಟಿನ ಮಾಡಿನ ಮೇಲೆ ಮಳೆ ಹೊಯ್ದರೆ ಏನೂ ಕೇಳುವುದಿಲ್ಲ. ಫೋನನ್ನು ಮೇಜಿನ ಮೇಲೆ ಇಡಬೇಡಿ, ಮಕ್ಕಳ ಬೆಂಚುಗಳ ನಡುವೆ ಇಡಿ. ನಿಮ್ಮ ಧ್ವನಿ ಹೇಗೂ ಸಿಗುತ್ತದೆ, ಅವರದ್ದು ಸಿಗಬೇಕು ಅಲ್ವಾ?

ಪ್ರಶ್ನೆ ಕೇಳಿದ ಟೀಚರ್

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಒಪ್ಪಿಗೆ ಪತ್ರ ಇವತ್ತೇ ಬರೆಯುತ್ತೇನೆ. ಉಳ್ಳಾಲದ ಅಬ್ಬಕ್ಕ ಮತ್ತು ಪೋರ್ಚುಗೀಸರ ಪಾಠದಿಂದ ಶುರು ಮಾಡುವ ಅಂತಿದ್ದೇನೆ, ಮಕ್ಕಳಿಗೆ ಅದರಲ್ಲಿ ಹೇಳಲು ಜಾಸ್ತಿ ಇರುತ್ತದೆ. ಸರ್, ನನ್ನ ಕ್ಲಾಸಿನಲ್ಲಿ 52 ಮಕ್ಕಳು. ಗುಂಪಿಗೆ ಆರು ಜನ ಮಾಡಿದರೆ ಆಗುತ್ತದಾ?

ಉಡುಪಿಯ ವಿಜ್ಞಾನ ಟೀಚರ್

ಆರು ಬೇಡ ಮೇಡಂ, ಇಬ್ಬರು ಸುಮ್ನೆ ಕೂರುತ್ತಾರೆ. ನಾಲ್ಕರಂತೆ ಹದಿಮೂರು ಗುಂಪು ಮಾಡಿ. ವಾಚು ಸಾಲದಿದ್ದರೆ ಗೋಡೆ ಗಡಿಯಾರದ ಸೆಕೆಂಡ್ ಮುಳ್ಳು ನೋಡಿ ಎಣಿಸಲಿ.