ಸ್ಕ್ರೈಬಸ್‌ನಲ್ಲಿ ಟೇಬಲ್, ಅಡಿಟಿಪ್ಪಣಿ ಕೈ ಕೊಡುತ್ತಿವೆ, ಅನುಭವ ಇದ್ದವರು ಹೇಳಿ

ಹೊಸಬ: ಊರಿನ ಗ್ರಂಥಾಲಯದ 48 ಪುಟಗಳ ಸ್ಮರಣ ಸಂಚಿಕೆ ಮಾಡುತ್ತಿದ್ದೇನೆ. ಉಚಿತ ಪುಟವಿನ್ಯಾಸ ತಂತ್ರಾಂಶ ಸ್ಕ್ರೈಬಸ್ 1.6 ಹಿಡಿದು ಎರಡು ತಿಂಗಳಾಯಿತು. ದಾನಿಗಳ ಪಟ್ಟಿಗೆ ಟೇಬಲ್ ಹಾಕಲು ಹೋಗಿ ತಲೆ ಕೆಟ್ಟಿದೆ. ಅಡಿಟಿಪ್ಪಣಿಯೂ ಹಾಗೇ. ಇದರಲ್ಲೇ ಹೊಂದಿಕೊಂಡು ಹೋಗಲಾ, ಬೇರೆ ನೋಡಲಾ?

ಗದಗದ ಡಿಟಿಪಿ: ನಾನು 2001ರಿಂದ ಹಳೇ ಪುಟವಿನ್ಯಾಸ ತಂತ್ರಾಂಶ ಪೇಜ್‌ಮೇಕರ್‌ನಲ್ಲೇ ಇದ್ದೇನೆ. ಅದರಲ್ಲಿ ಅಡಿಟಿಪ್ಪಣಿ ಅನ್ನೋದೇ ಇಲ್ಲ. ಅನ್‌ಡೂ ಕೂಡ ಒಂದೇ ಹೆಜ್ಜೆ. 212 ಪುಟದ ಒಂದು ಪುಸ್ತಕಕ್ಕೆ 140 ಟಿಪ್ಪಣಿಗಳನ್ನು ಕೈಯಲ್ಲೇ ಪುಟದ ಬುಡಕ್ಕೆ ಕೂರಿಸಿದ್ದೆ. ಅಚ್ಚಿನ ಪ್ಲೇಟಿಗೆ ಬೇಕಾದ ಟ್ರೇಸಿಂಗ್ ಹಾಳೆ ತೆಗೆದಾಗಿತ್ತು. ಆಗ ಲೇಖಕರು ಬಂದು 9ನೇ ಪುಟಕ್ಕೆ ಒಂದು ಪ್ಯಾರಾ ಸೇರಿಸಿ ಅಂದರು. ಹನ್ನೊಂದು ಸಾಲು. ಅಲ್ಲಿಂದ ಮುಂದಿನದೆಲ್ಲ ಜಾರಿತು. ಎರಡು ರಾತ್ರಿ ನಿದ್ದೆಯಿಲ್ಲ, ಟ್ರೇಸಿಂಗ್ ಪೂರ್ತಿ ದಂಡ, ಆ ದುಡ್ಡೂ ನನ್ನದೇ. ಈಗ ಫಾರ್ಮಿಗೊಂದು (ಒಟ್ಟಿಗೆ ಅಚ್ಚಾಗುವ ಪುಟಗಳ ಕಂತಿಗೊಂದು) ಫೈಲ್, 16 ಪುಟ. ಲೇಖಕರ ಸಹಿ ಬೀಳುವವರೆಗೆ ಒಂದೂ ಟಿಪ್ಪಣಿ ಕೂರಿಸುವುದಿಲ್ಲ. ಇಲ್ಲದ್ದನ್ನು ಕೈ ಕಲಿಯಬೇಕು.

ಶಿರಸಿ ಅಕ್ಷರ: ಸ್ಕ್ರೈಬಸ್ 1.4ರಲ್ಲಿ ಕನ್ನಡದ ಒತ್ತಕ್ಷರವೇ ಕೂರುತ್ತಿರಲಿಲ್ಲ. ‘ಅಕ್ಕ’ ಅಂತ ಹೊಡೆದರೆ ‘ಕ್’ ಒಂದು ಕಡೆ, ‘ಕ’ ಒಂದು ಕಡೆ. 2017ರಲ್ಲಿ 1.5.3 ಬಂದ ದಿನ ಅದೇ ಪದ ಹೊಡೆದೆ. ಒತ್ತು ಸರಿಯಾಗಿ ಕೆಳಗೆ ಬಂದು ಕೂತಿತು. ಅಮ್ಮನನ್ನು ಕರೆದು ತೋರಿಸಿದ್ದೆ. ಟೇಬಲ್ ನಾನು ಲಿಬ್ರೆ ಆಫೀಸ್‌ನಲ್ಲೇ ಮಾಡುತ್ತೇನೆ. ಪಿಡಿಎಫ್ ತೆಗೆದು ಇಮೇಜ್ ಫ್ರೇಮ್‌ನಲ್ಲಿ ಇಡುತ್ತೇನೆ. ಒಬ್ಬ ದಾನಿಯ ಇನಿಷಿಯಲ್ ತಪ್ಪಿದರೂ ಮತ್ತೆ ಮೊದಲಿಂದ. ಹೋದ ವರ್ಷ ಒಂದೇ ಪಟ್ಟಿಯನ್ನು 16 ಸಲ ತೆಗೆದೆ. ಆದರೆ ಗದಗದವರೇ, ಯೂನಿಕೋಡ್ ಅಲ್ಲದ ಹಳೇ ಫಾಂಟಿನಲ್ಲಿ ಮಾಡಿದ ನಿಮ್ಮ ಪುಸ್ತಕದೊಳಗೆ ಇವತ್ತು ಒಂದು ಪದ ಹುಡುಕಲು ಆಗುತ್ತಾ?

ಗದಗದ ಡಿಟಿಪಿ: ಓದುವವರು ಕಾಗದದ ಮೇಲೆ ಓದುತ್ತಾರೆ. ಇಪ್ಪತ್ತು ವರ್ಷ ನನ್ನ ಮನೆ ನಡೆದದ್ದು ಅದೇ ಫಾಂಟಿನಿಂದ. ಸುಮ್ನೆ ಹೀಗಳೆಯಬೇಡಿ.

ಬೆಂಗಳೂರು ಪುಟವಿನ್ಯಾಸ: ನಾನು ಪುಟ ಕಟ್ಟುವ ತಂತ್ರಾಂಶ ಇನ್‌ಡಿಸೈನ್‌ಗೆ ತಿಂಗಳಿಗಿಷ್ಟು ಅಂತ ಕಟ್ಟುತ್ತೇನೆ. ಕೊಟ್ಟ ದುಡ್ಡು ದಂಡವಾಗಿಲ್ಲ. ಆದರೂ ಏಟು ತಿಂದೆ. ಎಲ್ಲ ಸ್ಟೈಲಿಗೂ ಕನ್ನಡದ ಒತ್ತು ಸರಿಯಾಗಿ ಕೂರಿಸುವ ವರ್ಲ್ಡ್-ರೆಡಿ ಕಂಪೋಸರ್ ಹಾಕಿದ್ದೆ, ಫೋಟೊ ಅಡಿಬರಹದ ಸ್ಟೈಲಿಗೆ ಮಾತ್ರ ಮರೆತೆ. 500 ಪ್ರತಿ ಅಚ್ಚಾದ ಮೇಲೆ ಕಂಡಿತು: ಎಲ್ಲ ಫೋಟೊ ಕೆಳಗೂ ಒತ್ತು ಒಡೆದಿವೆ, ಅರ್ಕಾವತ್ತು ಹೋಗಿದೆ. ಸ್ಟಿಕರ್ ಮಾಡಿಸಿ, ಮನೆಯವರನ್ನೆಲ್ಲ ಕೂರಿಸಿ, ಒಂದೊಂದೇ ಅಂಟಿಸಿದೆವು.

ಶಿರಸಿ ಅಕ್ಷರ: ದುಡ್ಡು ಕೊಟ್ಟೂ ಸ್ಟಿಕರ್ ಅಂಟಿಸಬೇಕು ಅಂದ ಮೇಲೆ ಉಚಿತದ್ದೇ ಸಾಕಲ್ವಾ?

ಬೆಂಗಳೂರು ಪುಟವಿನ್ಯಾಸ: ತಪ್ಪು ನನ್ನದು, ಸಾಫ್ಟ್‌ವೇರಿನದಲ್ಲ ಅಂತ ಬರೆದಿದ್ದೇನೆ, ಸರಿಯಾಗಿ ಓದಿ. ನೀವು ಹೋದ ತಿಂಗಳು ಇಲ್ಲಿ ಹಾಕಿದ್ದ ಪುಟದಲ್ಲಿ ‘ರ‍್ಯಾಂಕ್’ ಅನ್ನೋದು ‘ರ್ಯಾಂಕ್’ ಆಗಿತ್ತು. ನಡುವೆ ಕಣ್ಣಿಗೆ ಕಾಣದ ಒಂದು ಜೋಡಕ (ZWJ) ಹಾಕಬೇಕು ಅನ್ನೋದೂ ಗೊತ್ತಿರಲಿಲ್ಲ.

ಗದಗದ ಡಿಟಿಪಿ: ಹಳೇ ನುಡಿ ತಂತ್ರಾಂಶದಲ್ಲಿ ಅದನ್ನು ಬೇರೆಯಾಗೇ ಹೊಡೆಯಬಹುದಿತ್ತು. ಆ ಕಾಲದಲ್ಲೇ.

ಶಿರಸಿ ಅಕ್ಷರ: ಆ ಪುಟ ತಿದ್ದಿ ಅವತ್ತು ಸಂಜೆಯೇ ಮತ್ತೆ ಹಾಕಿದ್ದೇನೆ. ಅದನ್ನೂ ನೋಡಿ ಮಾತಾಡಿ.