ತಮಟೆ, ಡಮಾಮಿ, ಗೊರುಕನ: ಮೂರನ್ನೂ ಒಂದೇ ಅಂಗಳಕ್ಕೆ ಕರೆಯುವುದು ಹೇಗೆ?

ಪ್ರಶ್ನೆ: ಚಿಂತಾಮಣಿಯ ಮೇಷ್ಟ್ರು

ಮಾನ್ಯರೇ, ನಮ್ಮೂರಿನ ಹುಡುಗರ ತಮಟೆ ತಂಡವೊಂದಿದೆ. ಇದೇ ಜಿಲ್ಲೆಯ ತಮಟೆ ಕಲಾವಿದ ಪಿಂಡಿಪಾಪನಹಳ್ಳಿ ಮುನಿವೆಂಕಟಪ್ಪನವರಿಗೆ 2023ರಲ್ಲಿ ಪದ್ಮಶ್ರೀ ಬಂದ ಮೇಲೆ ಹುಡುಗರ ಹುಮ್ಮಸ್ಸು ಇಮ್ಮಡಿಯಾಗಿದೆ. ಡಿಸೆಂಬರಿನಲ್ಲಿ ಯಲ್ಲಾಪುರದ ಕಡೆಯ, ಆಫ್ರಿಕಾ ಮೂಲದ ಸಿದ್ದಿಯರ ಡಮಾಮಿ ಎಂಬ ವಾದ್ಯ-ಕುಣಿತದ ತಂಡವನ್ನೂ ಬಿಳಿಗಿರಿರಂಗನ ಬೆಟ್ಟದ ಬುಡಕಟ್ಟಿನವರಾದ ಸೋಲಿಗರ ಗೊರುಕನ ತಂಡವನ್ನೂ ಕರೆಸಿ, ನಾಲ್ಕು ದಿನ ಒಟ್ಟಿಗಿದ್ದು, ಕೊನೆಯ ರಾತ್ರಿ ಒಂದು ಪ್ರದರ್ಶನ ಕೊಡಬೇಕೆಂಬುದು ನಮ್ಮ ಆಸೆ. ಹಿಂದೊಮ್ಮೆ ಇಂಥದೇ ಒಂದು ಕಾರ್ಯಕ್ರಮದಲ್ಲಿ ಎಲ್ಲರೂ ಏಕಕಾಲಕ್ಕೆ ಬಾರಿಸಿ, ಕಡೆಗೆ ಯಾರದೂ ಯಾರಿಗೂ ಕೇಳದಂತಾದದ್ದನ್ನು ಕಣ್ಣಾರೆ ಕಂಡಿದ್ದೇನೆ. ಮೂವರ ಲಯವನ್ನು ಒಂದಕ್ಕೊಂದು ಹೊಂದಿಸುವುದು ಸಾಧ್ಯವೇ? ಚಿತ್ರೀಕರಣ ಮಾಡಿದರೆ ಅದು ಯಾರಿಗೆ ಸೇರಬೇಕು?

ಉತ್ತರ: ತೇರಹಳ್ಳಿ ಬೆಟ್ಟದ ತಪ್ಪಲಿನವ, ಕೋಲಾರ

ಮೇಷ್ಟ್ರೇ, ಹೊಂದಿಸುವ ಮಾತನ್ನು ಸ್ವಲ್ಪ ಬದಿಗಿಡಿ. ಸೋಲಿಗರ ಗೊರುಕನ ಕುಣಿತ ನಿಂತಿರುವುದು ಕೊರಳಿನ ಮೇಲೆ, ಹಾಡಿನ ಸೊಲ್ಲಿಗೆ ಬೀಳುವ ಹೆಜ್ಜೆಯ ಮೇಲೆ. ಅದರ ಪಕ್ಕದಲ್ಲಿ ಕಾಯಿಸಿದ ಹತ್ತು ತಮಟೆಗಳು ಮೊಳಗಿದರೆ ಹಾಡು ಸತ್ತಂತೆಯೇ. ಹಾಗೆಂದು ತಮಟೆಯನ್ನು ತಗ್ಗಿಸಿ ಉಳಿದವರ ಹಿಮ್ಮೇಳಕ್ಕೆ ಕೂರಿಸುವುದೂ ಸಲ್ಲದು. ಸಾವಿಗೂ ಜಾತ್ರೆಗೂ ಬಡಿಯುವುದನ್ನು ಒಂದು ಜಾತಿಯ ಬಿಟ್ಟಿ ಚಾಕರಿಯಾಗಿ ಹೇರಿದ್ದ ನಮ್ಮ ಸೀಮೆಯಲ್ಲಿ, ಅದೇ ವಾದ್ಯವನ್ನು ದಲಿತ ಚಳವಳಿಯ ಮೆರವಣಿಗೆಗಳಲ್ಲಿ ಮುಂದಿಟ್ಟುಕೊಂಡು ನಡೆದವರ ಮಕ್ಕಳು ವೇದಿಕೆಯ ಮೇಲೆ ಮತ್ತೆ ಹಿಂದಿನ ಸಾಲಿಗೆ ಹೋಗುವುದೆಂದರೇನು ಎಂಬುದನ್ನು ನಿಮಗೆ ಬಿಡಿಸಿ ಹೇಳಬೇಕಾಗಿಲ್ಲ.

ಆದ್ದರಿಂದ ಸರದಿಯೇ ಲೇಸು. ಒಬ್ಬರು ಕುಣಿಯುವಾಗ ಉಳಿದಿಬ್ಬರು ಕೂತು ಕೇಳಲಿ. ಮೂರನೆಯ ದಿನದ ಹೊತ್ತಿಗೆ ಒಬ್ಬರ ಹೆಜ್ಜೆ ಇನ್ನೊಬ್ಬರ ಕಾಲಿಗೆ ತಾನಾಗಿ ಹತ್ತಿದರೆ ಹತ್ತಲಿ, ಇಲ್ಲವಾದರೆ ಬೇಡ. ನಮ್ಮಲ್ಲಿ ತೇರಹಳ್ಳಿ ಬೆಟ್ಟದ ಆದಿಮ ಸಾಂಸ್ಕೃತಿಕ ಕೇಂದ್ರದ ಹುಣ್ಣಿಮೆ ಹಾಡಿಗೆ ಬೆಟ್ಟ ಹತ್ತಿದವರಿಗೆ, ಬೆಳುದಿಂಗಳಲ್ಲಿ ಸುಮ್ಮನೆ ಕೂತು ಕೇಳುವುದೂ ಒಂದು ಕಸುಬೆಂಬುದು ಗೊತ್ತಿರುತ್ತದೆ.

ಉತ್ತರ: ಶಿರಾದ ಓದುಗ

ನನ್ನದೊಂದು ಎಚ್ಚರಿಕೆಯ ಮಾತು. ನಮ್ಮ ಕಡೆಯ ಕಾಡುಗೊಲ್ಲರಲ್ಲಿ ಗಣೆಯೆಂಬ ಉದ್ದನೆಯ ಬಿದಿರ ಕೊಳಲಿದೆ. ಅವರ ದೈವವಾದ ಜುಂಜಪ್ಪನ ಕಥನಕ್ಕೆ ಜೊತೆಯಾಗುವ ಆ ಗಣೆಯನ್ನು ಅವರು ದೈವದ ವಸ್ತುವೆಂದೇ ಕಾಣುತ್ತಾರೆ. ಹೊರಗಿನವನೊಬ್ಬ ಬಂದು, ‘ಎಲ್ಲಿ, ಎರಡು ನಿಮಿಷ ಊದಿ, ನಮ್ಮ ಗಿಟಾರಿಗೆ ಹೊಂದುತ್ತದೆಯೋ ನೋಡೋಣ’ ಎಂದರೆ ಹಿರಿಯರು ಸಭ್ಯತೆಗೆ ನಕ್ಕು ಸುಮ್ಮನಾಗಬಹುದು, ಆದರೆ ಆ ನಗುವನ್ನು ಒಪ್ಪಿಗೆಯೆಂದು ತಿಳಿಯಬಾರದು. ಅತಿಥಿಗಳನ್ನು ನೀವು ಕೇಳಬೇಕಾದ ಮೊದಲ ಪ್ರಶ್ನೆ ‘ಏನನ್ನು ತೋರಿಸುತ್ತೀರಿ’ ಎಂಬುದಲ್ಲ, ‘ಯಾವುದನ್ನು ಇಲ್ಲಿಗೆ ತರಬಾರದು’ ಎಂಬುದು. ಇನ್ನೊಂದು ಸಂಗತಿ: ಸಿದ್ದಿಯರಲ್ಲಿ ಹಿಂದೂಗಳೂ ಮುಸ್ಲಿಮರೂ ಕ್ರೈಸ್ತರೂ ಇದ್ದಾರೆ. ‘ಆಫ್ರಿಕಾದ ಕುಣಿತ’ ಎಂಬ ಒಂದೇ ಚೀಟಿ ಅಂಟಿಸಿ ಪರಿಚಯಿಸಿದರೆ, ತಲೆಮಾರುಗಳಿಂದ ಇದೇ ನೆಲದಲ್ಲಿ ಬಾಳಿದವರನ್ನು ಮತ್ತೆ ಪರಕೀಯರನ್ನಾಗಿ ಮಾಡಿದಂತಾಗುತ್ತದೆ. ನಿರೂಪಕರ ಕೈಗೆ ಮೈಕು ಕೊಡುವ ಮುನ್ನ ಇದನ್ನು ತಿಳಿಸಿಬಿಡಿ.

ಉತ್ತರ: ತುಮಕೂರಿನ ವಕೀಲ

ಚಿತ್ರೀಕರಣದ ಬಗ್ಗೆ ಹೇಳುತ್ತೇನೆ. 1957ರ ಹಕ್ಕುಸ್ವಾಮ್ಯ ಕಾಯ್ದೆಯ 38ನೆಯ ಕಲಮಿನಂತೆ ಪ್ರದರ್ಶಕರಿಗೆ ತಮ್ಮ ಪ್ರದರ್ಶನದ ಮೇಲೆ 50 ವರ್ಷಗಳ ಹಕ್ಕಿರುತ್ತದೆ. 2012ರ ತಿದ್ದುಪಡಿಯು ಹೆಸರು ಹೇಳಿಸಿಕೊಳ್ಳುವ ಹಕ್ಕನ್ನೂ ಸ್ಪಷ್ಟಪಡಿಸಿತು. ಆದರೆ ಅದು ಹಾಡಿದ ವ್ಯಕ್ತಿಯದೇ ಹೊರತು, ಹಾಡನ್ನು ಕಾಪಾಡಿಕೊಂಡು ಬಂದ ಸಮುದಾಯದ್ದಲ್ಲ. ಮೂಲನಿವಾಸಿ ಜನರ ಹಕ್ಕುಗಳ ಕುರಿತ ವಿಶ್ವಸಂಸ್ಥೆಯ 2007ರ ಘೋಷಣೆಯ 31ನೆಯ ವಿಧಿಯು ಸಮುದಾಯದ ಹಕ್ಕನ್ನು ಒಪ್ಪುತ್ತದೆ, ಭಾರತವೂ ಅದರ ಪರವಾಗಿ ಮತ ಹಾಕಿತ್ತು. ಆದರೂ ನ್ಯಾಯಾಲಯದಲ್ಲಿ ಅದೊಂದನ್ನೇ ಹಿಡಿದು ವಾದಿಸಿ ಗೆಲ್ಲುವುದು ಕಷ್ಟ.

ನ್ಯೂಜಿಲೆಂಡಿನವರು ಒಂದು ಹೆಜ್ಜೆ ಮುಂದಿಟ್ಟಿದ್ದಾರೆ. ಅಲ್ಲಿನ ರಗ್ಬಿ ಆಟಗಾರರು ಮೈದಾನದಲ್ಲಿ ಕುಣಿಯುವ ‘ಕಾ ಮಟೆ’ ಹಾಕಾ (ಹೆಸರಿನಲ್ಲೇ ನಮ್ಮ ತಮಟೆಯ ನೆಂಟನಂತೆ ಕೇಳಿಸುತ್ತದೆ) ಎಂಬ ಹಾಡು-ಕುಣಿತ ಅಲ್ಲಿನ ಮೂಲನಿವಾಸಿಗಳಾದ ಮಾವೊರಿಗಳ ಙಾತಿ ತೋವ ಬುಡಕಟ್ಟಿನ ನಾಯಕ ತೆ ರೌಪರಾಹನ ರಚನೆ. ಅದನ್ನು ವಾಣಿಜ್ಯಕ್ಕೆ ಬಳಸುವವರು ಆತನ ಹೆಸರು ಹೇಳಲೇಬೇಕೆಂದು 2014ರಲ್ಲಿ ಅದಕ್ಕೆಂದೇ ಕಾನೂನು ತಂದರು. ನಮ್ಮಲ್ಲಿ ಅಂಥದಿಲ್ಲವಾದ್ದರಿಂದ ಕರಾರು ಪತ್ರವೇ ಗತಿ. ಅದು ಕನ್ನಡದಲ್ಲಿರಲಿ, ಎಲ್ಲರ ಎದುರು ಓದಿ ಹೇಳಿ, ಬಳಿಕ ಸಹಿ ಮಾಡಿಸಿ. ಪ್ರತಿ ಮೂರೂ ತಂಡಗಳಲ್ಲಿರಲಿ. ಸಂಭಾವನೆ ಮೂವರಿಗೂ ಸಮನಾಗಿರಲಿ.

ಮರುನುಡಿ: ಚಿಂತಾಮಣಿಯ ಮೇಷ್ಟ್ರು

ಎಲ್ಲರಿಗೂ ವಂದನೆಗಳು. ಹುಡುಗರೊಡನೆ ಕೂತು ಮಾತಾಡಿದೆ. ಸರದಿಗೆ ಒಪ್ಪಿದ್ದಾರೆ, ಆದರೆ ಸೋಲಿಗರು ಹಾಡುವಷ್ಟು ಹೊತ್ತು ಸುಮ್ಮನೆ ಕೂತರೆ ಡಿಸೆಂಬರಿನ ಚಳಿಗೆ ತೊಗಲು ಸಡಿಲಗೊಂಡು ತಮಟೆ ಸಪ್ಪಗಾಗುತ್ತದೆಂಬುದು ಅವರ ತಕರಾರು, ನ್ಯಾಯವಾದ ತಕರಾರೇ. ಹಾಗಾಗಿ ಅಂಗಳದ ಒಂದು ಮೂಲೆಯಲ್ಲಿ ರಾತ್ರಿಯಿಡೀ ಹುಲ್ಲಿನ ಬೆಂಕಿ ಇರುವಂತೆ ನೋಡಿಕೊಳ್ಳುತ್ತೇವೆ. ಯಲ್ಲಾಪುರಕ್ಕೂ ಬೆಟ್ಟಕ್ಕೂ ಇವತ್ತೇ ಪತ್ರ ಬರೆದಿದ್ದೇನೆ, ಶಿರಾದವರು ಹೇಳಿದ ಪ್ರಶ್ನೆಯನ್ನೇ ಮೊದಲ ಸಾಲಿನಲ್ಲಿಟ್ಟು.