ಮಂಡಿ ಸಾಫ್ಟ್‌ವೇರ್ ಒಡೆಯುವ ಮುಂಚೆ: ಎಡವಿದವರ ಮಾತು

ಪ್ರಶ್ನೆ, ಶಿವಮೊಗ್ಗದಿಂದ: ಅಡಿಕೆ ಮಂಡಿಯೊಂದಕ್ಕೆ ನಾವು ಮೂವರು ಮಾಡಿಕೊಟ್ಟ ಸಾಫ್ಟ್‌ವೇರ್ ಈಗ ಜಾಸ್ತಿ ಬೆಳೆದಿದೆ. ತೂಕ, ಟೆಂಡರ್, ಬಿಲ್, ಪಾವತಿ ಎಲ್ಲಾ ಒಂದೇ ಕೋಡ್‌ನಲ್ಲಿದೆ. ಅದನ್ನು ಒಡೆದು ಹನ್ನೆರಡು ಸರ್ವಿಸ್, ಅಂದರೆ ನೆಟ್‌ವರ್ಕ್ ಮೇಲೆ ಒಂದಕ್ಕೊಂದು ಮಾತಾಡುವ ಬೇರೆ ಬೇರೆ ಸಣ್ಣ ಪ್ರೋಗ್ರಾಂ, ಮಾಡೋಣ ಅಂತಿದ್ದೇವೆ. ಒಡೆದವರು ಎಲ್ಲಿ ಎಡವಿದಿರಿ?

ಸಾಗರದಿಂದ: ಮೂರು ಜನಕ್ಕೆ ಹನ್ನೆರಡಾ? ಬೇಡ ಮಾರಾಯ್ರೆ. ನಾವು ಒಂಬತ್ತು ಮಾಡಿ, ಡೇಟಾಬೇಸ್ ಮಾತ್ರ ಒಂದೇ ಇಟ್ಟುಕೊಂಡಿದ್ದೆವು. ಕೆಟ್ಟಿದ್ದೇ ಅಲ್ಲಿ. ರೈತರ ಟೇಬಲ್‌ನಲ್ಲಿ ಒಂದು ಕಾಲಂ ಹೆಸರು ಬದಲಿಸಿದೆ, ನಾಲ್ಕು ಸರ್ವಿಸ್ ಒಟ್ಟಿಗೆ ಮಲಗಿದವು. ಮನೆ ಹಿಸ್ಸೆಯಾಗಿ ಒಲೆ ಒಂದೇ ಉಳಿದ ಹಾಗೆ. ಡೇಟಾ ಪಾಲು ಮಾಡಲು ಆಗದಿದ್ದರೆ ಸರ್ವಿಸ್ ಕೂಡ ಪಾಲು ಮಾಡಬೇಡಿ. ಒಂದೇ ಕೋಡ್ ಒಳಗೆ ಒಂದೊಂದು ಕೆಲಸಕ್ಕೆ ಒಂದೊಂದು ಭಾಗ (ಮಾಡ್ಯೂಲ್) ಬೇರೆ ಮಾಡಿದರೂ ಸಾಕು.

ತೀರ್ಥಹಳ್ಳಿಯಿಂದ: ನನ್ನದು ಮಳೆಗಾಲದ ಕಥೆ. ಪಾವತಿ ಸರ್ವಿಸ್ ದುಡ್ಡು ಹಾಕಿಯಾಗಿತ್ತು. ಉತ್ತರ ವಾಪಸ್ ಬರುವಷ್ಟರಲ್ಲಿ ಲೈನ್ ಹೋಯಿತು. ಬಿಲ್ ಸರ್ವಿಸ್ ‘ಆಗಿಲ್ಲ’ ಅಂದುಕೊಂಡು ಮತ್ತೆ ಕಳಿಸಿತು. ಒಬ್ಬರಿಗೆ ರಾಶಿ ಅಡಿಕೆ ದುಡ್ಡು ಎರಡು ಸಲ! ಪುಣ್ಯಕ್ಕೆ ಅವರೇ ಫೋನ್ ಮಾಡಿ ಹೇಳಿದರು. ಈಗ ಪ್ರತಿ ಪಾವತಿಗೂ ಒಂದು ಗುರುತಿನ ಸಂಖ್ಯೆ ಇದೆ. ಅದೇ ಸಂಖ್ಯೆ ಮತ್ತೆ ಬಂದರೆ ಹಳೆಯ ಉತ್ತರವನ್ನೇ ಕೊಡುತ್ತೇವೆ, ದುಡ್ಡು ಹೋಗುವುದಿಲ್ಲ. ಇದಕ್ಕೇ ಐಡೆಂಪೊಟೆನ್ಸಿ ಅನ್ನುತ್ತಾರೆ.

ಇನ್ನೊಂದು, ಟೈಮ್‌ಔಟ್: ಉತ್ತರಕ್ಕೆ ಇಷ್ಟೇ ಹೊತ್ತು ಕಾಯುವುದು ಅನ್ನುವ ಮಿತಿ. ನಾವು ಇಟ್ಟಿರಲಿಲ್ಲ. ನಮ್ಮ ಎಸ್‌ಎಂಎಸ್ ಸರ್ವಿಸ್ ಸುಮ್ನೆ ನಿಂತುಬಿಟ್ಟಿತ್ತು. ಅದಕ್ಕೆ ಕಾಯುತ್ತಾ ಬಿಲ್ಲಿಂಗ್ ನಿಂತಿತು, ಬಿಲ್ಲಿಂಗ್‌ಗೆ ಕಾಯುತ್ತಾ ತೂಕ ನಿಂತಿತು. ಒಂದು ಮೆಸೇಜ್‌ಗಾಗಿ ಇಡೀ ಮಂಡಿ! ಎಸ್‌ಎಂಎಸ್ ಅಂಥದ್ದನ್ನು ಕ್ಯೂಗೆ (ಆಮೇಲೆ ಮಾಡುವ ಕೆಲಸಗಳ ಸಾಲಿಗೆ) ಹಾಕಿ, ಕಾಯದೆ ಮುಂದೆ ಹೋಗಿ. ‘ನೆಟ್‌ವರ್ಕ್ ಕೈಕೊಡುವುದಿಲ್ಲ’ ಅನ್ನುವುದನ್ನು ಸನ್ ಮೈಕ್ರೋಸಿಸ್ಟಮ್ಸ್ ಕಂಪನಿಯ ಪೀಟರ್ ಡಾಯ್ಚ್ 1994ರಲ್ಲೇ, ಇಂಥ ಸಾಫ್ಟ್‌ವೇರ್ ಬರೆಯುವವರ ತಪ್ಪು ನಂಬಿಕೆಗಳ ಪಟ್ಟಿಯಲ್ಲಿ ಮೊದಲಿಗೆ ಇಟ್ಟಿದ್ದರು. ಜೂನ್‌ನಲ್ಲಿ ಆಗುಂಬೆಯಲ್ಲಿ ಇದ್ದವರಿಗೆ ಇದನ್ನು ಹೇಳಬೇಕಾ?

ಹೊಸನಗರದಿಂದ: ಲೆಕ್ಕ ಮಾಡಿ ನೋಡಿ. ಒಂದು ಬಿಲ್‌ಗೆ ಐದು ಸರ್ವಿಸ್ ಸಾಲಾಗಿ ಬೇಕು, ಒಂದೊಂದೂ 99% ಹೊತ್ತು ಎದ್ದಿರುತ್ತದೆ ಅನ್ನಿ. ಬೇರೆ ಬೇರೆ ಹೊತ್ತಿಗೆ ಕೆಟ್ಟರೆ ಒಟ್ಟು ಸುಮಾರು 95%. ತಿಂಗಳಿಗೆ ಏಳು ಗಂಟೆ ಕೆಡುತ್ತಿದ್ದದ್ದು ಒಂದೂವರೆ ದಿನ ಆಗುತ್ತದೆ. ಎಲ್ಲಾ ಸರ್ವಿಸ್‌ಗಳ ಲಾಗ್‌ನಲ್ಲಿ (ಏನೇನು ಆಯಿತು ಅಂತ ಬರೆದಿಡುವ ದಾಖಲೆ) ಒಂದು ಬಿಲ್‌ಗೆ ಒಂದೇ ಗುರುತು, ಅಂದರೆ ಟ್ರೇಸ್ ಐಡಿ, ಇಲ್ಲದಿದ್ದರೆ ಯಾವುದು ಕೆಟ್ಟಿತು ಅಂತ ಹುಡುಕುವುದರಲ್ಲೇ ಬೆಳಗಾಗುತ್ತದೆ.

ಪ್ರಶ್ನೆ ಕೇಳಿದವರು: ಸದ್ಯ ಎಸ್‌ಎಂಎಸ್ ಒಂದನ್ನೇ ಹೊರಗೆ ತೆಗೆಯುತ್ತೇವೆ. ತೂಕದ ಟೇಬಲ್‌ಗೆ ಯಾರ್ಯಾರು ಕೈ ಹಾಕುತ್ತಾರೆ ಅಂತ ಈಗ ಹುಡುಕಿದೆ. ಹನ್ನೊಂದು ಕಡೆ ಸಿಕ್ಕಿತು. ಅದರಲ್ಲಿ ಆರು ನಾನೇ ಬರೆದದ್ದು.